ತಂತಿಯ ಕೊನೆಯ ಮೂರು ಮೀಟರ್

ಅವನಿಗೆ ಮೂರು ಮೀಟರ್ ತಾರಸಿ ಕಡಿಮೆ ಬಿದ್ದಿತ್ತು.

ಇದ್ದದ್ದು ಹದಿನೇಳು ಮೀಟರ್, ಅದೂ ಅಣ್ಣನದು. ಮೆಟ್ಟಿಲ ಕೋಣೆಯ ಮೂಲೆಯಿಂದ ನೀರಿನ ಟ್ಯಾಂಕಿನ ತನಕ ಟೇಪು ಹಿಡಿದು ನಾಲ್ಕು ಸಲ ಅಳೆದಿದ್ದ. ನಾಲ್ಕು ಸಲವೂ ಹದಿನೇಳೇ ಬಂತು. ಬೇಕಾದದ್ದು ಇಪ್ಪತ್ತು. ರೇಡಿಯೊದ ನಲವತ್ತು ಮೀಟರ್ ಅಲೆಯ ಮೇಲೆ ದೂರದವರ ಜೊತೆ ಮಾತಾಡಬೇಕಾದರೆ ಅದರ ಅರ್ಧದಷ್ಟು ಉದ್ದದ ತಂತಿ ಕಟ್ಟಬೇಕು. ಈ ಲೆಕ್ಕದಲ್ಲಿ ಚೌಕಾಸಿ ನಡೆಯುವುದಿಲ್ಲ.

ಅವನು ಮೋಟಾರು ವೈಂಡಿಂಗ್ ಮಾಡುವವನು. ಪಂಪು ರಿಪೇರಿ ಅಂಗಡಿಯಲ್ಲಿ ಸುಟ್ಟ ಮೋಟಾರಿನ ಹಳೆಯ ತಂತಿ ಬಿಚ್ಚಿ ಹೊಸದು ಸುತ್ತುತ್ತ ಹದಿನೆಂಟು ವರ್ಷ ಕಳೆದಿದ್ದ. ಸುತ್ತು ಎಣಿಸುವಾಗ ಪಕ್ಕದಲ್ಲಿ ಗೋಡೆ ಬಿದ್ದರೂ ತಲೆ ಎತ್ತುವವನಲ್ಲ. ವಯಸ್ಸು ನಲವತ್ತು, ಮದುವೆಯಿಲ್ಲ. ಅಣ್ಣನ ಮನೆಯ ಕೆಳಗಿನ ಹಿಂಬದಿ ಕೋಣೆಯಲ್ಲಿ ಮಂಚ, ಮೇಜು, ರೇಡಿಯೊ. ಮೇಲಿನ ಮನೆಯಲ್ಲಿ ಅಣ್ಣ, ಅತ್ತಿಗೆ. ಎರಡು ಹೊತ್ತಿನ ಊಟ ಅಲ್ಲಿ. ಅತ್ತಿಗೆ ಈ ಮನೆಗೆ ಬಂದಾಗ ಅವನಿಗೆ ಹನ್ನೆರಡು ವರ್ಷ. ಆಗಿನಿಂದಲೂ ಅವಳು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದಳು, ಅವನು ಅವಳನ್ನು ಬಹುವಚನದಲ್ಲಿ.

ರೇಡಿಯೊ ಹುಚ್ಚು ಹತ್ತಿಸಿದವರು ಮೇಷ್ಟ್ರು. ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಭಾನುವಾರ ಏಳು ಜನ ರೇಡಿಯೊ ಹವ್ಯಾಸಿಗಳು ಸೇರುತ್ತಿದ್ದರು. ನೂರು ಬೇರೆ ಬೇರೆ ದೇಶಗಳ ಹವ್ಯಾಸಿಗಳನ್ನು ರೇಡಿಯೊದಲ್ಲಿ ಮುಟ್ಟಿ, ಅವರಿಂದ ಖಾತ್ರಿಪತ್ರ ತರಿಸಿಕೊಂಡವನ ಹೆಸರನ್ನು ಹಿತ್ತಾಳೆ ತಗಡಿನಲ್ಲಿ ಕೊರೆದು ಗೋಡೆಗೆ ಹಾಕುವುದು ಅಲ್ಲಿಯ ಪದ್ಧತಿ. ಆರು ತಗಡು ಆಗಿದ್ದವು. ಏಳನೆಯದಕ್ಕೆ ಮೊಳೆ ಮಾತ್ರ ಇತ್ತು. ಅವನ ಲೆಕ್ಕ ತೊಂಬತ್ತೊಂಬತ್ತಕ್ಕೆ ಬಂದು ನಿಂತು ಮೂರು ವರ್ಷವಾಗಿತ್ತು. ಬಂದವರು ಆ ಮೊಳೆಗೆ ಛತ್ರಿ ತೂಗುಹಾಕುತ್ತಿದ್ದರು, ಸಂಚಿ ತೂಗುಹಾಕುತ್ತಿದ್ದರು. ಒಬ್ಬ ಒಮ್ಮೆ ಒದ್ದೆ ಟವೆಲ್ ಹಾಕಿ, ಇವನು ಬಂದಾಗ, "ಕ್ಷಮಿಸಪ್ಪ, ನಿನ್ನ ಜಾಗ ಒಣಗಿದ ಮೇಲೆ ಕೊಡ್ತೀನಿ" ಅಂದಿದ್ದ. ಅವತ್ತಿನಿಂದ ಅವನಿಗೆ ಮೊಳೆ ಎಂದೇ ಹೆಸರು. ಅವನೂ ನಗುತ್ತಿದ್ದ. ಮನೆಗೆ ಬಂದು ಊಟ ಬಿಡುತ್ತಿದ್ದ.

ಅಲ್ಲಿಯತನಕ ಕೋಣೆಯ ಕಿಟಕಿಗೆ ಕಟ್ಟಿದ ಗಿಡ್ಡ ತಂತಿಯಿಂದಲೇ ಕರೆಯುತ್ತಿದ್ದ. ತಾರಸಿಯ ಮೇಲೆ ಉದ್ದದ ತಂತಿ ಕಟ್ಟಲು ಅಣ್ಣ ಮೊದಲು ಒಪ್ಪಲಿಲ್ಲ. ಅಣ್ಣ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲೆ ಕೆಲಸ ಮಾಡುವವನು. ಅಪಾಯ ಎಂದರೆ ಬೆರಳು ಎಂದೇ ಅವನ ಲೆಕ್ಕ. ತಾರಸಿಯ ಮೇಲೆ ಕರೆಂಟಿನ ತಂತಿ ಬೇಡ, ಯಾರಾದರೂ ಮುಟ್ಟಿದರೆ ಏನು ಗತಿ ಎಂದು ಕೇಳಿದ. ಏನೂ ಆಗುವುದಿಲ್ಲ ಎಂದು ಇವನು ಮಾತಿನಲ್ಲಿ ಹೇಳಿ ನೋಡಿದ. ಆಗಲಿಲ್ಲ. ಹಾಗಾದರೆ ಕಣ್ಣಾರೆ ನೋಡಿ ಎಂದು ಒಂದು ಭಾನುವಾರ ಇಬ್ಬರನ್ನೂ ತಾರಸಿಗೆ ಕರೆದ. ರೇಡಿಯೊವನ್ನು ಅತಿ ಕಡಿಮೆ ಶಕ್ತಿಗೆ, ಐದು ವ್ಯಾಟಿಗೆ ಇಳಿಸಿದ. ಅದನ್ನು ಮೇಲಕ್ಕೇ ತಂದು, ಒತ್ತುವ ಕೀಲಿಯನ್ನು ಅಣ್ಣನ ಕೈಗೆ ಕೊಟ್ಟು, ತಾನು ತಾತ್ಕಾಲಿಕವಾಗಿ ಎಳೆದ ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ಅಣ್ಣ ಒತ್ತಿದ. ಏನೂ ಆಗಲಿಲ್ಲ. ಅತ್ತಿಗೆ ಕೂಡ ಬಂದು ಬೆರಳು ತಾಗಿಸಿ ನೋಡಿದಳು. ಏನೂ ಆಗಲಿಲ್ಲ.

ಅವನು ಹಿಡಿದದ್ದು ತಂತಿಯ ನಡುವೆ. ಇಂಥ ತಂತಿಯಲ್ಲಿ ನಡುವೆ ವೋಲ್ಟೇಜು ಕಡಿಮೆ, ತುದಿಗೆ ಹೋದ ಹಾಗೆ ಏರುತ್ತದೆ. ಕಚ್ಚುವುದು ತುದಿ. ಶಕ್ತಿ ಹೆಚ್ಚಿದಷ್ಟೂ ಕಚ್ಚು ಹೆಚ್ಚು. ಇದು ಅವನಿಗೆ ಗೊತ್ತಿತ್ತು. ಹೇಳಲಿಲ್ಲ.

ಕೆಲಸದ ಅಂಗಡಿಯಿಂದ ತಂದ ವಾರ್ನಿಷ್ ಬಳಿದ ತಾಮ್ರದ ತಂತಿ, ತಂತಿ ಗೋಡೆಗೆ ತಾಗದಂತೆ ಪ್ಲಾಸ್ಟಿಕ್ ಪೈಪು ಕೊಯ್ದು ಮಾಡಿದ ಬಿಲ್ಲೆಗಳು, ನಡುವಿನಿಂದ ಕೋಣೆಗೆ ಇಳಿಯುವ ಕೇಬಲ್. ಮೆಟ್ಟಿಲ ಕೋಣೆಯ ಕಡೆಗೆ ಹತ್ತು ಮೀಟರ್ ನೆಟ್ಟಗೆ ಹೋಯಿತು. ಟ್ಯಾಂಕಿನ ಕಡೆಗೆ ಏಳು ಮೀಟರಿಗೇ ತಾರಸಿ ಮುಗಿಯಿತು. ಉಳಿದ ಮೂರು ಮೀಟರನ್ನು ಅಲ್ಲಿಂದ ಪಕ್ಕಕ್ಕೆ ತಿರುಗಿಸಿ, ಟ್ಯಾಂಕಿನ ಕಟ್ಟೆಯ ಉದ್ದಕ್ಕೂ ಇಳಿಜಾರಾಗಿ ಎಳೆದು ಗೋಡೆಯ ಕೊಕ್ಕೆಗೆ ಬಿಗಿದ. ಜಾಗ ಸಾಲದವರೆಲ್ಲ ಹೀಗೇ ಬಗ್ಗಿಸುತ್ತಾರೆ, ಮೇಷ್ಟ್ರೂ ತಪ್ಪಿಲ್ಲ ಅಂದರು. ಕಟ್ಟೆಯ ಮೇಲೆ ನಿಂತವರ ಕೈಗೆ ಸಿಗುವ ಎತ್ತರದಲ್ಲಿ, ಬಿಗಿಯಾಗಿ, ಬಿಸಿಲಿಗೆ ಮುಖಮಾಡಿ ಮೂರು ಮೀಟರ್ ತಂತಿ.

ಅತ್ತಿಗೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಕಿಟಕಿ ಪರದೆ, ಹಾಸಿಗೆ ಹೊದಿಕೆ, ಅಂಗಿಗಳಿಗೆ ಕೈಯಲ್ಲಿ ಕಾಜ. ಕತ್ತರಿಸುವ ಮೊದಲು ಬಟ್ಟೆಯನ್ನು ನೆನೆಸಿ ಒಣಗಿಸುತ್ತಿದ್ದಳು. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿ ಗಿರಾಕಿಗಳು ಮುಖಕ್ಕೆ ಎಸೆಯುತ್ತಾರೆ. ಉದ್ದುದ್ದ ಬಟ್ಟೆಗೆ ಇದ್ದ ಹಗ್ಗ ಸಾಲುತ್ತಿರಲಿಲ್ಲ. ತಂತಿ ಕಟ್ಟಿದ ಮೂರನೇ ದಿನ ಅದರ ಮೇಲೆ ಒಂದು ಹಸಿರು ಪರದೆ ಬಿತ್ತು.

ರೇಡಿಯೊ ಮೇಜಿನ ಮೇಲೆ ಒಂದು ಮೀಟರ್ ಇರುತ್ತದೆ. ಕಳಿಸಿದ ಶಕ್ತಿ ತಂತಿಯಿಂದ ಗಾಳಿಗೆ ಹೋಗುತ್ತಿದೆಯೋ, ವಾಪಸು ಬರುತ್ತಿದೆಯೋ ಎಂದು ಅದು ಹೇಳುತ್ತದೆ. ಎಲ್ಲ ಸರಿ ಇದ್ದರೆ ಮುಳ್ಳು ಎಡಗಡೆ ಮಲಗಿರುತ್ತದೆ. ಅವತ್ತು ಅದು ಅರ್ಧಕ್ಕೆ ಎದ್ದು ಕೂತಿತು. ಅವನು ಮೇಲೆ ಓಡಿ ಪರದೆ ನೋಡಿ ಕೂಗಾಡಿದ. ಅತ್ತಿಗೆ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಹೇಳಿದಳು:

"ಮುಟ್ಟಿದ್ರೆ ಏನೂ ಆಗಲ್ಲ ಅಂತ ನೀನೇ ತೋರಿಸಿದ್ಯಲ್ಲೋ ತಂತಿರಾಯ. ಮತ್ತೆ ನನ್ನ ಬಟ್ಟೆಗೇನು ಅಂಟುರೋಗವಾ?"

ಭಾರಕ್ಕೆ ತಂತಿ ಹಿಗ್ಗುತ್ತದೆ ಅಂದ.

"ಭೂಮಿ ಆಚೆ ಕಡೆಯೋರ ಜೊತೆ ಮಾತಾಡೋನಿಗೆ ಎರಡು ಪರದೆ ಭಾರವಾ? ಹೋಗೋ, ಊಟಕ್ಕೆ ಬಾ, ತಣ್ಣಗಾಗುತ್ತೆ."

ನಿಜ ಹೇಳಿದರೆ ಅಣ್ಣ ಅವತ್ತೇ ತಂತಿ ಕತ್ತರಿಸುತ್ತಾನೆ. ಆದ್ದರಿಂದ ಅವನು ಜಗಳವನ್ನು ಅಲ್ಲಿಗೇ ಬಿಟ್ಟು, ಬೇರೆ ದಾರಿ ಹಿಡಿದ. ದಿನವೂ ಕೆಲಸದಿಂದ ಬಂದವನೇ ಮೇಲೆ ಹೋಗಿ, ತಂತಿಯ ಮೇಲಿನ ಬಟ್ಟೆ ತೆಗೆದು ಕಟ್ಟೆಯ ಮೇಲೆ ಮಡಿಸಿಟ್ಟು ಕೆಳಗಿಳಿದು ರೇಡಿಯೊ ಹಾಕುತ್ತಿದ್ದ. ಅತ್ತಿಗೆ ಇದನ್ನೂ ನೆರೆಯವರಿಗೆ ಹೇಳಿ ನಕ್ಕಳು. ನಮ್ಮ ಮೈದುನ ಬಟ್ಟೆ ಮಡಿಸುವುದು ಕಲಿತಿದ್ದಾನೆ, ಯಾರಾದರೂ ಹೆಣ್ಣು ಇದ್ದರೆ ಹೇಳಿ.

ಆ ವರ್ಷ ಎಂಟು ಜನ ಹವ್ಯಾಸಿಗಳು ದೋಣಿ ಮಾಡಿಕೊಂಡು ಸಮುದ್ರದ ನಡುವಿನ ಒಂದು ಬೋಳು ದ್ವೀಪಕ್ಕೆ ಹೋದರು. ಅಲ್ಲಿ ಜನರಿಲ್ಲ, ಆದರೂ ಹವ್ಯಾಸಿಗಳ ಪಟ್ಟಿಯಲ್ಲಿ ಅದು ಒಂದು ದೇಶವೇ. ಐದು ದಿನ ಮಾತ್ರ ಅಲ್ಲಿಂದ ಮಾತಾಡುತ್ತಾರೆ. ಹಿಂದೆ ಯಾರೋ ಹೋಗಿದ್ದು ಹನ್ನೆರಡು ವರ್ಷದ ಕೆಳಗೆ. ಇದು ಸಿಕ್ಕರೆ ಅವನಿಗೆ ನೂರು.

ಇಂಥ ದ್ವೀಪವನ್ನು ಸಾವಿರ ಜನ ಒಟ್ಟಿಗೆ ಕರೆಯುತ್ತಾರೆ. ಮೊದಲ ನಾಲ್ಕು ಸಂಜೆ ಅವನು ತನ್ನ ನೂರು ವ್ಯಾಟಿನಲ್ಲಿ ಕರೆದ. ದ್ವೀಪದ ಮೋರ್ಸ್ ಕುಟ್ಟು, ಗಿಡ್ಡ ಉದ್ದ ಸದ್ದಿನಲ್ಲಿ ಕಳಿಸುವ ಅಕ್ಷರಗಳು, ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಅವನದು ಅವರಿಗೆ ಕೇಳುತ್ತಿರಲಿಲ್ಲ. ಗುಂಪಿನ ಆರೂ ಜನ ಎರಡನೇ ದಿನದೊಳಗೆ ದ್ವೀಪವನ್ನು ಮುಟ್ಟಿ ಮುಗಿಸಿದ್ದರು. ನಾಲ್ಕನೇ ಸಂಜೆ ಅವನು ಮೇಷ್ಟ್ರ ಬಾಗಿಲಿಗೆ ಹೋಗಿ ಅವರ ಆಂಪ್ಲಿಫೈಯರ್ ಕೇಳಿದ. ಶಕ್ತಿಯನ್ನು ಐನೂರು ವ್ಯಾಟಿಗೆ ಏರಿಸುವ ಪೆಟ್ಟಿಗೆ. ಮೇಷ್ಟ್ರು ಅದನ್ನು ಹೆಂಡತಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಇವನ ಮುಖ ನೋಡಿ ಕೊಟ್ಟರು. ತಂತಿಯ ತುದಿಯ ಹತ್ತಿರ ಯಾರೂ ಸುಳಿಯಬಾರದು ಎಂದು ಹೇಳಿದರು. ಇನ್ನೊಂದು ಮಾತನ್ನು ಎರಡು ಸಲ ಹೇಳಿದರು:

"ಕಣ್ಣು ಮೀಟರ್ ಮೇಲಿರಲಿ. ಮುಳ್ಳು ಬಲಕ್ಕೆ ಹೋಯ್ತೋ, ಕೈ ತೆಗಿ. ಕುರುಡ ಒತ್ತಿದ ಹಾಗೆ ಒತ್ತಬೇಡ."

ಐದನೇ ದಿನ ಅಂಗಡಿಗೆ ಒಂದು ಲಾಂಡ್ರಿಯ ಮೋಟಾರು ಬಂತು. ಮುಗಿಸದೆ ಹೋಗುವ ಹಾಗಿಲ್ಲ ಎಂದು ಮಾಲೀಕ ಬಾಗಿಲಲ್ಲೇ ಸ್ಟೂಲು ಹಾಕಿ ಕೂತ. ಅವನು ಜೀವನದಲ್ಲಿ ಮೊದಲ ಸಲ ಸುತ್ತು ತಪ್ಪಿದ, ಬಿಚ್ಚಿ ಮತ್ತೆ ಸುತ್ತಿದ. ಮನೆಯ ಗೇಟು ತಲುಪುವಾಗ ಐದೂ ನಲವತ್ತು. ದ್ವೀಪದವರು ಆರಕ್ಕೆ ಮುಚ್ಚುತ್ತೇವೆಂದು ಹೇಳಿದ್ದರು.

ಮೆಟ್ಟಿಲ ಕೆಳಗೆ ನಲ್ಲಿಯ ಬಳಿ ಯಾವಾಗಲೂ ಇರುವ ಕೆಂಪು ಬಕೆಟ್ ಅಲ್ಲಿರಲಿಲ್ಲ. ಅದನ್ನು ಅವನು ನೋಡಿದ. ಬಕೆಟ್ ಅಲ್ಲಿಲ್ಲವೆಂದರೆ ಅತ್ತಿಗೆ ಮೇಲಿದ್ದಾಳೆ, ಬಟ್ಟೆ ತೆಗೆಯುತ್ತಿದ್ದಾಳೆ. ತಾರಸಿಗೆ ಮೂವತ್ತೆಂಟು ಮೆಟ್ಟಿಲು. ಅವನು ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡ.

ಹತ್ತು ನಿಮಿಷ ಕರೆಯುವವರ ನಡುವೆ ಸಂದು ಹುಡುಕಿದ. ದ್ವೀಪದ ಸದ್ದು ಏರಿ ಇಳಿದು ಬರುತ್ತಿತ್ತು, ಕರೆಯುವವರ ಗಲಾಟೆ ತೆಳುವಾಗಿತ್ತು. ಐದೂ ಐವತ್ತೆರಡಕ್ಕೆ ಕೀಲಿ ಒತ್ತಿ, ತನ್ನ ಗುರುತಿನ ಅಕ್ಷರಗಳಾದ ಕರೆಸಂಕೇತ ಕುಟ್ಟತೊಡಗಿದ. ಮೂರನೇ ಅಕ್ಷರಕ್ಕೆ ಮುಳ್ಳು ಬಲತುದಿಗೆ ಬಡಿದು ನಿಂತಿತು. ಆಂಪ್ಲಿಫೈಯರ್ ತಾನಾಗಿಯೇ ಆರಿಹೋಯಿತು.

ಮುಳ್ಳು ಹಾಗೆ ಹೋದರೆ ಎರಡೇ ಅರ್ಥ. ತಂತಿ ತುಂಡಾಗಿದೆ, ಇಲ್ಲವೇ ತಂತಿಯ ಮೇಲೆ ಕೈ ಇದೆ.

ಅದೇ ಕ್ಷಣ ಕಿವಿಯಲ್ಲಿ ದ್ವೀಪ ಬಂತು. ಅವನ ಮೊದಲ ಮೂರು ಅಕ್ಷರ, ಆಮೇಲೆ ಪ್ರಶ್ನೆ ಚಿಹ್ನೆ. ಐದು ದಿನದಲ್ಲಿ ಮೊದಲ ಸಲ ಅವರು ಅವನನ್ನೇ ಕೇಳುತ್ತಿದ್ದರು. ಉಳಿದ ಅಕ್ಷರ ಹೇಳು ಎನ್ನುತ್ತಿದ್ದರು.

ಮೇಲೆ ಆದದ್ದು ಇಷ್ಟು. ಅತ್ತಿಗೆ ಟ್ಯಾಂಕಿನ ಕಟ್ಟೆಯ ಮೇಲೆ ನಿಂತು ಕ್ಲಿಪ್ಪು ಬಿಡಿಸುತ್ತಿದ್ದಳು. ಬಲಗೈಯ ಹೆಬ್ಬೆರಳು, ತೋರುಬೆರಳು ತಂತಿಯ ಮೇಲಿದ್ದವು. ಕಚ್ಚಿದ ರಭಸಕ್ಕೆ ಹಿಂದಕ್ಕೆ ಹಾರಿ ನಾಲ್ಕಡಿ ಕೆಳಗೆ ತಾರಸಿಯ ನೆಲಕ್ಕೆ ಬಿದ್ದಳು. ಎಡ ಸೊಂಟ ನೀರಿನ ವಾಲ್ವಿಗೆ ತಾಗಿತು. ಒದ್ದೆ ಪರದೆ ತಂತಿಯ ತುದಿಯನ್ನು ಕೊಕ್ಕೆಯಿಂದ ಕಿತ್ತುಕೊಂಡು ಅವಳ ಮೇಲೆ ಬಿತ್ತು. ಏಳಲಾಗಲಿಲ್ಲ. ಮೈದುನನನ್ನು ಕೂಗಿದಳು.

ಅವನಿಗೆ ಕೇಳಲಿಲ್ಲ. ಆಂಪ್ಲಿಫೈಯರಿನ ಹಿಂಬದಿಗೆ ಕೈ ಹಾಕಿ, ಅದು ತಾನಾಗಿ ಆರದಂತೆ ರಕ್ಷಣೆಯ ಸ್ವಿಚ್ಚನ್ನು ಆಫ್ ಮಾಡಿದ. ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡೇ ಕರೆಸಂಕೇತವನ್ನು ಪೂರ್ತಿ ಕುಟ್ಟಿದ, ಆರೂ ಅಕ್ಷರ. ಕೊನೆಯ ಅಕ್ಷರಕ್ಕೆ ಪೆಟ್ಟಿಗೆಯೊಳಗೆ ಟಪ್ ಎಂದಿತು, ಸುಟ್ಟ ವಾಸನೆ ಬಂತು. ದ್ವೀಪದವರು ಇನ್ನೊಮ್ಮೆ ಪ್ರಶ್ನೆ ಚಿಹ್ನೆ ಕಳಿಸಿದರು. ಸ್ವಲ್ಪ ಕಾದರು. ಬೇರೆ ಯಾರನ್ನೋ ಕರೆದರು.

ಆಮೇಲೆ ಅವನು ಮೆಟ್ಟಿಲು ಹತ್ತಿದ.

ಆಸ್ಪತ್ರೆಯಲ್ಲಿ ಎರಡು ಸುಟ್ಟ ಗಾಯ ಎಂದು ಬರೆದುಕೊಂಡರು. ಬೆರಳುಗಳ ತುದಿಯಲ್ಲಿ ಒಂದು, ಮೊಣಕೈಯ ಒಳಗಡೆ ಒಂದು. ಎರಡೂ ಚಿಕ್ಕವು, ಬೆಳ್ಳಗೆ, ಮೂಳೆಯ ತನಕ ಆಳ. ಬೆರಳು ಮುಟ್ಟಿದರೆ ಮೊಣಕೈ ಯಾಕೆ ಸುಟ್ಟಿತು ಎಂದು ವೈದ್ಯೆ ಕೇಳಿದಾಗ ಅವನು ತಡವರಿಸಲಿಲ್ಲ. ಕರೆಂಟು ಬೆರಳಿನಲ್ಲಿ ಒಳಗೆ ಹೋಗಿ ಮೊಣಕೈಯಲ್ಲಿ ಹೊರಗೆ ಬಂದಿದೆ ಎಂದ. ಕೇಳುವುದಕ್ಕೆ ಸರಿಯಾಗಿಯೇ ಇತ್ತು. ನೋಡಲು ಬಂದವರಿಗೆಲ್ಲ ಅಣ್ಣ ಅದನ್ನೇ ಹೇಳಿದ: ಇಲ್ಲಿ ಹೊಕ್ಕು ಅಲ್ಲಿ ಬಂದಿದೆ, ಪುಣ್ಯ, ಎದೆಗೆ ಹೋಗಲಿಲ್ಲ. ತನಗೆ ಎರಡು ಸಲ ಕಚ್ಚಿದ ನೆನಪು ಎಂದು ಅತ್ತಿಗೆ ಹೇಳಿದಳು. ಬಿದ್ದ ಗಾಬರಿಯಲ್ಲಿ ಹಾಗನ್ನಿಸುತ್ತದೆ ಅತ್ತಿಗೆ ಎಂದ ಅವನು. ಅಣ್ಣನೂ ಹೌದೌದು ಅಂದ. ತಮ್ಮನ ಮೇಲೆ ಅಣ್ಣನಿಗೆ ಸಿಟ್ಟಿತ್ತು. ಆದರೆ ಅದು ಅಜಾಗರೂಕತೆಯ ಮೇಲಿನ ಸಿಟ್ಟು, ಒಂದೆರಡು ತಿಂಗಳಿಗೆ ಇಳಿಯುವಂಥದ್ದು. ರಾತ್ರಿ ಕಾಯುವ ಪಾಳಿ ಇಬ್ಬರೂ ಹಂಚಿಕೊಂಡಿದ್ದರು. ಅವನು ಅತ್ತಿಗೆಗೆ ಎಡಗೈಯಲ್ಲಿ ಚಮಚ ಹಿಡಿಯುವುದು ಕಲಿಸಿದ.

ಏಳನೇ ದಿನ ಮೇಷ್ಟ್ರು ಬಂದರು. ಸೊಂಟಕ್ಕೆ ಶಸ್ತ್ರಚಿಕಿತ್ಸೆಯಾಗಿ ಅತ್ತಿಗೆ ದಿಂಬಿಗೊರಗಿ ಕೂತಿದ್ದಳು. ಅಣ್ಣ ಕಿಟಕಿಯ ಬಳಿ ನಿಂತು ಕಿತ್ತಳೆ ಸುಲಿಯುತ್ತಿದ್ದ. ಮೇಷ್ಟ್ರು ಅತ್ತಿಗೆಯ ಆರೋಗ್ಯ ವಿಚಾರಿಸಿ, ಆಂಪ್ಲಿಫೈಯರಿನ ಮಾತೇ ಎತ್ತದೆ, ಇವನ ಹೆಗಲು ತಟ್ಟಿದರು. ಇವನಿಗೆ ಸಮಾಧಾನವಾಗಲಿ ಎಂದು ಒಂದು ಉಡುಗೊರೆ ತಂದಿದ್ದರು. ಐದೂ ದಿನ ದ್ವೀಪದ ಸಂಜೆಯ ಪ್ರಸಾರವನ್ನು ಅವರು ಮನೆಯಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಕೊನೆಯ ದಿನದ ಕೊನೆಯಲ್ಲಿ ಇವನ ಕರೆ ಸಿಕ್ಕಿತ್ತು. ದ್ವೀಪದವರಿಗೆ ಅರ್ಧವಾದರೂ ಮುಟ್ಟಿತ್ತು, ಕೇಳು, ನಿನ್ನ ತಂತಿ ಸೋತಿಲ್ಲ ಎನ್ನುತ್ತ ಫೋನು ತೆಗೆದು ಹಾಕಿಯೇಬಿಟ್ಟರು. ಬೇಡ ಮೇಷ್ಟ್ರೇ, ಆಮೇಲೆ ಎಂದ ಅವನು. ಅದನ್ನು ಅವರು ಸಂಕೋಚ ಅಂದುಕೊಂಡರು.

ಫೋನಿನಿಂದ ಕುಟ್ಟು ಬಂತು, ಅರ್ಧಕ್ಕೆ ಕಡಿಯಿತು. ದೂರದಿಂದ ಬೇರೆ ಸ್ವರದ ಕುಟ್ಟು. ಸುಮ್ಮನಿರುವ ಗಾಳಿ. ಮತ್ತೆ ಮೊದಲಿನ ಕುಟ್ಟು, ಉದ್ದಕ್ಕೆ.

ಅತ್ತಿಗೆಗೆ ಮೋರ್ಸ್ ಬರುತ್ತಿರಲಿಲ್ಲ. ಹೊಲಿಗೆ ಎಣಿಸಿ ಎಣಿಸಿ ಕಿವಿಯೂ ಎಣಿಸುತ್ತಿತ್ತು.

"ಎರಡು ಸಲ ಇದೆ," ಅಂದಳು.

ಹೌದಮ್ಮ ಎಂದರು ಮೇಷ್ಟ್ರು. ಮೊದಲನೆಯದು ಕಡಿದುಹೋಗಿ, ಇವನು ಮತ್ತೆ ಕರೆದಿದ್ದಾನೆ. ಆಮೇಲೆ ಅವರೊಳಗಿನ ಪಾಠ ಹೇಳುವವನು ಸುಮ್ಮನಿರಲಾರದೆ ಹೋದ. ಪೆಟ್ಟಿಗೆ ಸುಟ್ಟದ್ದು ಆ ಎರಡನೆಯದಕ್ಕೆ, ಅದಕ್ಕೇ ತಾನು ಅಷ್ಟು ಹೇಳಿದ್ದು ಎಂದು ಇವನ ಕಡೆ ತಿರುಗಿದರು. ನಗುತ್ತಲೇ ಬೈದರು:

"ಮೀಟರ್ ನೋಡದೆ ಒತ್ತಿದ್ಯಲ್ಲೋ ಕತ್ತೆ. ಹದಿಮೂರು ವರ್ಷ ಕಲಿಸಿದ್ದು ಇದೇನಾ? ನಿನ್ನೆ ಲೈಸೆನ್ಸ್ ತಗೊಂಡೋನೂ ಹೀಗೆ ಮಾಡಲ್ಲ."

ಅವನು ಅಷ್ಟಕ್ಕೇ ಸುಮ್ಮನಿದ್ದರೆ ಮುಗಿಯುತ್ತಿತ್ತು. ಕತ್ತೆಯಾಗಿ ಉಳಿದರೆ ಸಾಕಿತ್ತು. ಆದರೆ ಮೂರು ವರ್ಷ ಒಂದು ಮೊಳೆಯ ಕೆಳಗೆ ಕೂತು ನಕ್ಕವನು ಅವನು. ತಂತಿ ಚಿಕ್ಕದು ಅನ್ನಲಿ, ಶಕ್ತಿ ಕಡಿಮೆ ಅನ್ನಲಿ. ಒತ್ತುವುದು ಬರುವುದಿಲ್ಲ ಎಂದು ಈವರೆಗೆ ಯಾರೂ ಅಂದಿರಲಿಲ್ಲ.

"ನೋಡಿದ್ದೆ," ಅಂದ. "ಮೀಟರ್ ನೋಡದೆ ನಾನ್ಯಾವತ್ತೂ ಒತ್ತಿಲ್ಲ ಮೇಷ್ಟ್ರೇ. ಮುಳ್ಳು ಬಲತುದಿಗೆ ಹೋಗಿತ್ತು. ಗೊತ್ತಿದ್ದೇ ರಕ್ಷಣೆಯ ಸ್ವಿಚ್ ಆಫ್ ಮಾಡಿದೆ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು.

ಅತ್ತಿಗೆ ಅವನನ್ನು ನೋಡಲಿಲ್ಲ. "ಮುಳ್ಳು ಬಲಕ್ಕೆ ಹೋದ್ರೆ ಏನರ್ಥ ಮೇಷ್ಟ್ರೇ?"

"ಎರಡೇ ಕಾರಣ ಇರುತ್ತಮ್ಮ. ತಂತಿ ತುಂಡಾಗಿದೆ ಅಂತ. ಇಲ್ಲಾಂದ್ರೆ ಯಾರೋ..." ಮೇಷ್ಟ್ರು ನಿಲ್ಲಿಸಿದರು.

"ಹೇಳಿ. ಯಾರೋ?"

"ಮುಟ್ಟಿದ್ದಾರೆ ಅಂತ."

ಅಣ್ಣ ಕಿತ್ತಳೆಯನ್ನು ಕಿಟಕಿಯ ಅಂಚಿನ ಮೇಲಿಟ್ಟ. ಎರಡರ ನಡುವೆ ಎಷ್ಟು ಹೊತ್ತು ಎಂದು ಕೇಳಿದ. ಮೇಷ್ಟ್ರು ಫೋನು ನೋಡಿ, ಹನ್ನೊಂದು ಸೆಕೆಂಡು ಎಂದರು. ಸುಳ್ಳು ಹೇಳಲು ಅವರಿಗೂ ಹೊಳೆಯಲಿಲ್ಲ.

"ಆ ಹನ್ನೊಂದು ಸೆಕೆಂಡೂ ನಾನು ನಿನ್ನನ್ನೇ ಕರೀತಿದ್ದೆ," ಅಂದಳು ಅತ್ತಿಗೆ.

"ಹೆಡ್‌ಫೋನ್ ಹಾಕ್ಕೊಂಡಿದ್ದೆ ಅತ್ತಿಗೆ. ನಿಜವಾಗ್ಲೂ ಕೇಳಿಸಲಿಲ್ಲ."

ಅದು ನಿಜವಾಗಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

ಅತ್ತಿಗೆ ಎಡಗೈಯಿಂದ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಲು ನೋಡಿದಳು. ಸೊಂಟ ಬಿಡಲಿಲ್ಲ, ಅವನ ಕಡೆಗೇ ಮುಖ ಇಟ್ಟುಕೊಂಡು ಕಣ್ಣು ಮುಚ್ಚಿಕೊಂಡಳು. ಅಣ್ಣ ಹೊಡೆಯಲಿಲ್ಲ. ಇವತ್ತಿನ ರಾತ್ರಿ ಪಾಳಿಗೆ ನೀನು ಬರಬೇಡ ಎಂದ. ಕಿತ್ತಳೆಯ ಸಿಪ್ಪೆ ಕೂಡಿಸುತ್ತ, ನಾಳೆಯದಕ್ಕೂ ಎಂದ. ತಿಂಗಳ ಕೊನೆಗೆ ಅವನು ಪಂಪು ಅಂಗಡಿಯ ಅಟ್ಟಕ್ಕೆ ಮಂಚ ಸಾಗಿಸಿದ. ಅಲ್ಲಿ ತಾರಸಿ ಇಲ್ಲ, ತಗಡಿನ ಸೂರು.

ಹೋದದ್ದು ಇಷ್ಟು. ಅತ್ತಿಗೆಯ ಬಲಗೈಯಲ್ಲಿ ಎರಡು ಬೆರಳ ತುದಿ, ಅವುಗಳ ಜೊತೆ ಕಾಜದ ಕೆಲಸ. ಎಡ ಸೊಂಟದ ಒಂದು ಕೀಲು. ಮೇಷ್ಟ್ರ ಪೆಟ್ಟಿಗೆಯ ನಾಲ್ಕು ಟ್ರಾನ್ಸಿಸ್ಟರ್. ದಿನಕ್ಕೆ ಎರಡು ಊಟ. ಒಬ್ಬ ಅಣ್ಣ. ಒಂದು ದ್ವೀಪ. ಇಪ್ಪತ್ತು ಮೀಟರ್ ತಾಮ್ರದ ತಂತಿ.